ಏಟ್ನಾ ವಲ್ಕನೈಸಿಂಗ್ ವರ್ಕ್ಸ್

ನಾನು ಜೀವನದಲ್ಲಿ ಇಟ್ಟ ಹೆಸರುಗಳಲ್ಲಿ ಒಂದೇ ಒಂದು ನಿಂತಿತು. ಮಗನಿಗೆ ಇಟ್ಟದ್ದನ್ನು ಅವನ ಅಜ್ಜಿ ಒಪ್ಪಲಿಲ್ಲ. ಮಗಳಿಗೆ ಇಟ್ಟದ್ದನ್ನು ದೊಡ್ಡವಳಾದ ಮೇಲೆ ಮಗಳೇ ಒಪ್ಪಲಿಲ್ಲ. ಶಾಲೆಯ ಗೋಡೆಪತ್ರಿಕೆಗೆ ಇಟ್ಟದ್ದನ್ನು ಹೆಡ್‌ಮಾಸ್ಟರು ಒಂದೇ ವಾರದಲ್ಲಿ ಬದಲಾಯಿಸಿದರು. ನಿಂತದ್ದು ಚಿಂತಾಮಣಿಯ ಬೆಂಗಳೂರು ರಸ್ತೆಯಲ್ಲಿ, ಒಂದು ಪಂಕ್ಚರ್ ಅಂಗಡಿಯ ತಗಡಿನ ಬೋರ್ಡಿನ ಮೇಲೆ.

ನನ್ನ ಹೆಸರು ಜಯರಾಮಪ್ಪ. ಮೂವತ್ತೊಂದು ವರ್ಷ ಹೈಸ್ಕೂಲಿನಲ್ಲಿ ಭೂಗೋಳ ಕಲಿಸಿದವನು. ನನ್ನ ಬಗ್ಗೆ ಊರಿನಲ್ಲಿ ಎರಡು ಮಾತು ಓಡಾಡುತ್ತಿದ್ದವು. ಜಯರಾಮಪ್ಪ ಮೇಷ್ಟ್ರು ತಪ್ಪು ಹೇಳುವುದಿಲ್ಲ ಎನ್ನುವುದು ಒಂದು. ಬೇರೆಯವರು ತಪ್ಪು ಹೇಳಿದರೆ ಬಿಡುವುದಿಲ್ಲ ಎನ್ನುವುದು ಇನ್ನೊಂದು. ಎರಡನೆಯದು ನಿಜ. ಮೊದಲನೆಯದು ಸುಳ್ಳು ಎಂದು ಹೇಳುವುದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಲಾಲ್ ಬಾಷಾ ಅಂಗಡಿ ತೆರೆದದ್ದು ಎಂಬತ್ತನಾಲ್ಕರಲ್ಲಿ. ಚಿಕ್ಕಂದಿನಲ್ಲಿ ಪೋಲಿಯೊ ಬಂದು ಅವನ ಎಡಗಾಲು ಸೊರಗಿತ್ತು. ಆದರೆ ತೋಳುಗಳು ಮಾತ್ರ ಲಾರಿಯ ಚಕ್ರವನ್ನು ಒಬ್ಬನೇ ಎತ್ತಿ ನಿಲ್ಲಿಸುವಷ್ಟು ಗಟ್ಟಿ. ನಮ್ಮ ಮನೆ ಆ ಅಂಗಡಿಯ ಹಿಂದಿನ ಓಣಿಯಲ್ಲಿ. ಸಂಜೆ ಶಾಲೆ ಬಿಟ್ಟ ಮೇಲೆ ಅಂಗಡಿ ಮುಂದಿನ ಕಲ್ಲುಬೆಂಚಿನ ಮೇಲೆ ಕೂತು ಬರುವವರು ಹೋಗುವವರನ್ನು ತಿದ್ದುವುದು ನನ್ನ ಅಭ್ಯಾಸವಾಗಿತ್ತು.

"ಸಾರ್, ಪುರಸಭೆಯವರು ಲೈಸೆನ್ಸಿಗೆ ಅಂಗಡಿ ಹೆಸರು ಕೇಳ್ತಾವ್ರೆ. ಒಂದು ಒಳ್ಳೇ ಹೆಸರು ಹೇಳಿ ಸಾರ್," ಎಂದ ಲಾಲ್ ಬಾಷಾ ಒಂದು ದಿನ. ಅದೇ ರಸ್ತೆಯಲ್ಲಿ ಆಗಲೇ ಒಂದು ಭಾರತ್ ಟೈರ್ಸ್, ಒಂದು ನ್ಯೂ ಭಾರತ್ ಟೈರ್ಸ್ ಇದ್ದವು. ಮೂರನೆಯವನೂ ಅದೇ ಜಾಡು ಹಿಡಿದರೆ ಸಹಿಸಲು ನನ್ನಿಂದ ಆಗುತ್ತಿರಲಿಲ್ಲ.

ನಮ್ಮ ಶಾಲೆಯ ಸಾಮಾನಿನ ಕೋಣೆಯಲ್ಲಿ ಬ್ರಿಟಿಷರ ಕಾಲದ ಒಂದು ಗೋಡೆ ನಕ್ಷೆ ಇತ್ತು, ಹಳೆಯ ರೋಮ್ ಸಾಮ್ರಾಜ್ಯದ್ದು. ಅದರಲ್ಲಿ ಊರು, ನದಿ, ಬೆಟ್ಟಗಳಿಗೆಲ್ಲ ಲ್ಯಾಟಿನ್ ಹೆಸರು. ಇಟಲಿಯ ಬೂಟುಗಾಲಿನ ತುದಿಯಲ್ಲಿರುವ ಸಿಸಿಲಿ ದ್ವೀಪದಲ್ಲಿ ಒಂದು ಜ್ವಾಲಾಮುಖಿ. ಈಗ ನಾವು ಅದನ್ನು ಎಟ್ನಾ ಎನ್ನುತ್ತೇವೆ, ಆ ನಕ್ಷೆಯಲ್ಲಿ ಅದು ಏಟ್ನಾ. ಆ ಮಾತಿನ ಮೂಲದಲ್ಲೇ ಉರಿ ಇದೆಯೆಂದು ಕೆಲವು ಪಂಡಿತರು ಹೇಳುತ್ತಾರೆ. ನನಗೆ ಆ ಹೆಸರಿನ ಮೇಲೆ ಮೊದಲಿನಿಂದಲೂ ಒಂದು ವ್ಯಾಮೋಹ. ಯಾರಿಗಾದರೂ ಕೊಡೋಣವೆಂದರೆ ಇಷ್ಟು ದಿನ ಯಾರೂ ಸಿಕ್ಕಿರಲಿಲ್ಲ.

"ಏಟ್ನಾ ಅಂತ ಇಡು. ನೀನು ಮಾಡೋ ಕೆಲಸದ ಹೆಸರೇನು? ವಲ್ಕನೈಸಿಂಗ್. ಆ ಮಾತು ಎಲ್ಲಿಂದ ಬಂತು ಗೊತ್ತಾ? ವಲ್ಕನ್ ಅನ್ನೋ ದೇವರಿಂದ. ರೋಮನ್ನರ ಬೆಂಕಿ ದೇವರು, ಕಮ್ಮಾರ. ಆತನ ಕುಲುಮೆ ಇರೋದು ಏಟ್ನಾ ಬೆಟ್ಟದ ಹೊಟ್ಟೇಲಿ."

"ದೇವರು ಕಮ್ಮಾರನಾ ಸಾರ್?"

"ಅಷ್ಟೇ ಅಲ್ಲ, ಕುಂಟ," ಎಂದುಬಿಟ್ಟೆ. ಹೇಳಿದ ಮೇಲೆ ಅವನ ಕಾಲು ಕಣ್ಣಿಗೆ ಬಿತ್ತು. ನಾಲಿಗೆ ಕಚ್ಚಿಕೊಂಡೆ.

ಲಾಲ್ ಬಾಷಾ ಒಂದು ಗಳಿಗೆ ನನ್ನ ಮುಖ ನೋಡಿದ. ಆಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕ. "ಅರೆ ವ್ಹಾ! ನಿಮ್ಮ ಆ ಕತೇಲಿ ಕುಂಟಂಗೂ ಒಂದು ಅಂಗಡಿ ಕೊಟ್ಟವ್ರಲ್ಲ! ಅದೇ ಇರ್ಲಿ ಸಾರ್."

ಬೋರ್ಡಿನಲ್ಲಿ ಜ್ವಾಲಾಮುಖಿ ಬರೆಯಲು ಪೇಂಟರಿಗೆ ಹೇಳಿದೆವು. ಅವನು ಹುಟ್ಟಿದಾಗಿನಿಂದ ನೋಡಿದ್ದ ದೊಡ್ಡ ಬೆಟ್ಟವೆಂದರೆ ನಂದಿಬೆಟ್ಟ. ಅದನ್ನೇ ಬರೆದು ನೆತ್ತಿಯ ಮೇಲೆ ಹೊಗೆ ಹಾಕಿದ. ಟಿಪ್ಪುವಿನ ಕೋಟೆಯ ಗೋಡೆಯೂ ಸ್ವಲ್ಪ ಕಾಣುತ್ತಿತ್ತು. ನಾನು ಕೂಗಾಡಿದೆ. ಲಾಲ್ ಬಾಷಾ ಮಾತ್ರ, ಇರಲಿ ಬಿಡಿ ಸಾರ್, ಚಿಕ್ಕಬಳ್ಳಾಪುರದ ಗಿರಾಕಿಗಳಿಗೂ ನಮ್ಮದೇ ಅಂಗಡಿ ಅನಿಸಲಿ ಎಂದ.

ಅವನು ಕೆಲಸ ಮಾಡುವುದನ್ನು ನೋಡುವುದೇ ನನಗೆ ಒಂದು ಹಬ್ಬ. ಟ್ಯೂಬಿನಲ್ಲಿ ತೂತಾದ ಜಾಗವನ್ನು ಅರದಲ್ಲಿ ಉಜ್ಜಿ, ಸಲ್ಯೂಷನ್ ಬಳಿದು, ಅದರ ಮೇಲೆ ಕಚ್ಚಾ ರಬ್ಬರಿನ ಒಂದು ತುಂಡು ಇಡುತ್ತಿದ್ದ. ಆ ತುಂಡಿನ ಮೇಲೆ ಲಾರಿ ಎಂಜಿನ್ನಿನಿಂದ ಬಿಚ್ಚಿದ ಹಳೆಯ ಪಿಸ್ಟನ್ನನ್ನು ತಲೆಕೆಳಗು ಮಾಡಿ ಕೂರಿಸಿ, ಕ್ಲಾಂಪಿನಿಂದ ಬಿಗಿಯುತ್ತಿದ್ದ. ತಲೆಕೆಳಗಾದ ಪಿಸ್ಟನ್ನು ಒಂದು ಬಟ್ಟಲು. ಅದಕ್ಕೆ ಮುಚ್ಚಳದಲ್ಲಿ ಅಳೆದು ಪೆಟ್ರೋಲು ಸುರಿದು ಕಡ್ಡಿ ಗೀರಿದರೆ, ಭುಗ್ಗೆಂದು ಉರಿಯುವ ಪುಟ್ಟ ಜ್ವಾಲಾಮುಖಿ. ಕಬ್ಬಿಣ ಕಾದು, ಕೆಳಗಿನ ರಬ್ಬರು ಬೆಂದು, ಟ್ಯೂಬಿನೊಂದಿಗೆ ಒಂದೇ ಆಗುತ್ತಿತ್ತು. ಡ್ರೈವರುಗಳು ಇದನ್ನು ಬೇಯಿಸುವುದು ಎಂದೇ ಕರೆಯುತ್ತಿದ್ದರು. ಕಡಿಮೆ ಬೆಂದರೆ ಪ್ಯಾಚು ಬಿಚ್ಚಿಕೊಳ್ಳುತ್ತದೆ, ಹೆಚ್ಚು ಬೆಂದರೆ ಬಿರುಕು ಬಿಡುತ್ತದೆ.

ಎಂಬತ್ತೆಂಟರ ಜನವರಿಯಲ್ಲಿ ಒಂದು ಲಾರಿ ಟೈರಿಗೆ ಗಾಳಿ ತುಂಬುವಾಗ ಟೈರನ್ನು ಚಕ್ರಕ್ಕೆ ಹಿಡಿದಿಡುವ ಲಾಕ್ ರಿಂಗು ಹಾರಿ ಲಾಲ್ ಬಾಷಾನ ಬಲಗೈಗೆ ಬಡಿಯಿತು. ಮಣಿಕಟ್ಟು ಪುಡಿಪುಡಿಯಾಯಿತು. ಕೋಲಾರದ ಆಸ್ಪತ್ರೆಯಲ್ಲಿ ಒಂದೂವರೆ ತಿಂಗಳಿದ್ದು ಬಂದ. ಮೂಳೆ ಕೂಡಿತು, ಬೆರಳುಗಳು ಮಡಚಲಿಲ್ಲ. ಸ್ಪ್ಯಾನರ್ ಹಿಡಿಯುವುದಿರಲಿ, ಟೀ ಲೋಟ ಹಿಡಿಯುವುದಕ್ಕೂ ಎಡಗೈಯೇ ಬೇಕಾಯಿತು.

ಆಗ ಅಂಗಡಿಗೆ ಬಂದವಳು ಅವನ ಹೆಂಡತಿ ನೂರುನ್ನೀಸಾ.

ಆಕೆಗೆ ಇಪ್ಪತ್ತೇಳೋ ಇಪ್ಪತ್ತೆಂಟೋ. ಶಿಡ್ಲಘಟ್ಟದವಳು. ಸೀರೆಯ ಮೇಲೆ ಗಂಡನ ಹಳೆಯ ಖಾಕಿ ಅಂಗಿ ತೊಟ್ಟು, ಸೆರಗನ್ನು ತಲೆಗೆ ಬಿಗಿದು, ಒಂದು ಬೆಳಿಗ್ಗೆ ಬಾಗಿಲು ತೆರೆದು ಕೂತಳು. ರಸ್ತೆಯ ಜನ ನಿಂತು ನಿಂತು ನೋಡಿದರು. ಟೈರು ಬಿಚ್ಚುವ ಹೆಂಗಸನ್ನು ನಮ್ಮ ತಾಲ್ಲೂಕು ಕಂಡಿರಲಿಲ್ಲ. ಮೊದಲ ವಾರ ಸೈಕಲ್ಲುಗಳು ಮಾತ್ರ ಬಂದವು. ಎರಡನೇ ವಾರ ಸ್ಕೂಟರು. ಮೂರನೆಯ ವಾರ ಕೋನಪ್ಪನ ಬಸ್ಸಿನ ಟ್ಯೂಬು ಬಂತು.

ಕೋನಪ್ಪನೆಂದರೆ ಮೂರು ಬಸ್ಸಿನ ಸಾಹುಕಾರ. ಅವನ ಬಸ್ಸುಗಳು ಚಿಂತಾಮಣಿಯಿಂದ ಶಿಡ್ಲಘಟ್ಟ, ಚಿಕ್ಕಬಳ್ಳಾಪುರ ದಾಟಿ ಗೌರಿಬಿದನೂರಿನ ತನಕ ಓಡುತ್ತಿದ್ದವು. ಆ ದಾರಿಯ ಜಲ್ಲಿಕಲ್ಲಿನ ದಯೆಯಿಂದ ಏಟ್ನಾ ಅಂಗಡಿಯ ಮುಕ್ಕಾಲು ಪಾಲು ಕೆಲಸ ಅವನದೇ. ಅವನ ಡ್ರೈವರ್ ವೆಂಕಟರಾಮಪ್ಪ ನೂರುನ್ನೀಸಾಳನ್ನು ಕಂಡ ಮೊದಲ ದಿನವೇ, ಬೋರ್ಡು ಓದಿಕೊಂಡು, "ಏಟ್ನಮ್ಮ, ಸಾಯಂಕಾಲಕ್ಕೆ ಟ್ಯೂಬು ಬೇಕು ಕಣಮ್ಮ," ಎಂದ.

ನಾನು ಬೆಂಚಿನಿಂದ ಎದ್ದೇ ನಿಂತೆ. "ಅದು ಬೆಟ್ಟದ ಹೆಸರು ಕಣಯ್ಯ, ಹೆಂಗಸಿನ ಹೆಸರಲ್ಲ! ಆಕೆ ಹೆಸರು ನೂರುನ್ನೀಸಾ."

"ಇರ್ಲಿ ಬಿಡಿ ಮೇಷ್ಟ್ರೇ. ಬೋರ್ಡು ಹೆಂಗೈತೋ ಹಂಗೆ ಕರೀತೀನಿ," ಎಂದು ಅವನು ಹೋದ. ತಿಂಗಳೊಳಗೆ ಎಲ್ಲ ಡ್ರೈವರುಗಳ ಬಾಯಲ್ಲೂ ಆಕೆ ಏಟ್ನಮ್ಮ. ನಾನು ಪ್ರತಿಯೊಬ್ಬನನ್ನೂ ತಿದ್ದಿದೆ. ಒಬ್ಬನೂ ತಿದ್ದಿಕೊಳ್ಳಲಿಲ್ಲ.

ಕೆಲಸ ಕಲಿಸುವಾಗ ಒಂದು ತೊಡಕಾಯಿತು. ಎಷ್ಟು ಹೊತ್ತು ಬೇಯಿಸಬೇಕು ಎಂದು ಕೇಳಿದರೆ ಲಾಲ್ ಬಾಷಾ, "ಅಂದಾಜು," ಎನ್ನುತ್ತಿದ್ದ. ಎಷ್ಟು ಪೆಟ್ರೋಲು ಎಂದರೂ ಅಂದಾಜು. ಇದು ನನಗೆ ಹಿಡಿಸಲಿಲ್ಲ. ಒಂದು ಭಾನುವಾರ ಗಡಿಯಾರ ಹಿಡಿದುಕೊಂಡು ಕೂತೆ. ಅವನು ಬಾಯಲ್ಲಿ ಹೇಳಿದ, ಆಕೆ ಮಾಡಿದಳು, ನಾನು ಬರೆದುಕೊಂಡೆ. ಆರು ಟ್ಯೂಬುಗಳ ಸರಾಸರಿ ತೆಗೆದು, ಹೊಗೆ ಹಿಡಿದು ಕಪ್ಪಾದ ಅಂಗಡಿಯ ಗೋಡೆಯ ಮೇಲೆ ಶಾಲೆಯ ಸೀಮೆಸುಣ್ಣದಲ್ಲಿ ದಪ್ಪಗೆ ಬರೆದೆ: ೨ ಮುಚ್ಚಳ, ೧೨ ನಿಮಿಷ. ನಮ್ಮ ಮನೆಯ ಅಲಾರಂ ಗಡಿಯಾರವನ್ನೂ ತಂದು ಅದರ ಕೆಳಗೆ ಇಟ್ಟೆ. ನೂರುನ್ನೀಸಾಗೆ ಓದಲು ಬರುತ್ತಿದ್ದದ್ದು ಉರ್ದು ಮಾತ್ರ, ಆದರೆ ಅಂಕಿ ಗೊತ್ತಿತ್ತು. ಆಕೆ ಆ ಬರಹವನ್ನು ಗೌರವದಿಂದ ನೋಡಿ ತಲೆಯಾಡಿಸಿದಳು.

ಮಾರ್ಚ್, ಏಪ್ರಿಲ್, ಮೇ ಕಳೆಯಿತು. ಒಂದು ಪ್ಯಾಚೂ ಬಿಚ್ಚಲಿಲ್ಲ. ಸ್ಟಾಫ್ ರೂಮಿನಲ್ಲಿ ನಾನು ಈ ಕತೆಯನ್ನು ಹೇಳದ ದಿನವಿರಲಿಲ್ಲ. ಅಂದಾಜಿನಿಂದ ವಿಜ್ಞಾನಕ್ಕೆ ಎಂದು ಅದಕ್ಕೊಂದು ಶೀರ್ಷಿಕೆಯನ್ನೂ ಕೊಟ್ಟಿದ್ದೆ. ಪ್ರತಿ ಸೋಮವಾರ ಹೋಗಿ, ಗೋಡೆಯ ಮೇಲೆ ಅಕ್ಷರ ಮಾಸಿದ್ದರೆ ಮತ್ತೆ ತಿದ್ದಿ ಬರುತ್ತಿದ್ದೆ.

ಆಷಾಢ ಬಂತು. ನಮ್ಮ ಕಡೆಯ ಆಷಾಢದ ಗಾಳಿ ಗೊತ್ತಲ್ಲ, ಹೆಂಚು ಹಾರಿಸುತ್ತದೆ, ಒಣಹಾಕಿದ ಪಂಚೆಯನ್ನು ಪಕ್ಕದ ಓಣಿಗೆ ಕಳಿಸುತ್ತದೆ. ಒಂದು ಸಂಜೆ ನಾನು ಬೆಂಚಿನ ಮೇಲೆ ಕೂತಿದ್ದಾಗ ನೂರುನ್ನೀಸಾ ಬಾಗಿಲಿಗೆ ಬಂದು ನಿಂತಳು.

"ಸಾರ್, ಗಾಳಿ ಜಾಸ್ತಿ ಐತೆ. ಪೆಟ್ರೋಲು ಬೇಗ ಉರ್ದೋಗ್ತೈತೆ. ಹನ್ನೆರಡು ನಿಮಿಷ ಸಾಲ್ತಿಲ್ಲ ಅನ್ಸುತ್ತೆ."

"ಅನ್ಸೋದಕ್ಕೆ ಇದೇನು ಸಾರಿಗೆ ಉಪ್ಪಾ? ಆರು ಟ್ಯೂಬಿನ ಸರಾಸರಿ ಕಣಮ್ಮ ಅದು. ಗಾಳಿ ಬೀಸಿದರೆ ಗಡಿಯಾರ ನಿಧಾನ ಆಗುತ್ತಾ?"

ಆಕೆ ಇನ್ನೇನೋ ಹೇಳಲು ಬಾಯಿ ತೆರೆದಳು. ಮೇಷ್ಟ್ರು ಬರೆದದ್ದು ಎಂದು ಸುಮ್ಮನಾದಳು. "ಆಯ್ತು ಸಾರ್," ಎಂದು ಒಳಗೆ ಹೋದಳು.

ಹತ್ತು ದಿನಕ್ಕೆ ಗುರುಪೂರ್ಣಿಮೆ. ಕೈವಾರಕ್ಕೆ ಊರೂರಿನಿಂದ ಭಕ್ತರು ಬರುವ ದಿನ. ಕೋನಪ್ಪ ಒಂದು ಬಸ್ಸನ್ನು ಚಿಂತಾಮಣಿಯಿಂದ ಕೈವಾರಕ್ಕೆ ಹೆಚ್ಚುವರಿ ಟ್ರಿಪ್ಪಿಗೆ ಹಾಕಿದ್ದ. ಕೂತವರು ಐವತ್ತು, ನಿಂತವರು ಮೂವತ್ತು. ಕೈವಾರ ಇನ್ನೆರಡು ಮೈಲಿ ಇದೆ ಎನ್ನುವಾಗ ಮುಂದಿನ ಟೈರು ಕೂತಿತು. ವೆಂಕಟರಾಮಪ್ಪ ಗಟ್ಟಿಗ, ಸ್ಟೀರಿಂಗನ್ನು ಎದೆಗೆ ಅವುಚಿ ಹಿಡಿದು, ಬಸ್ಸನ್ನು ಹೊಲದ ಬದುವಿಗೆ ಒರಗಿಸಿ ನಿಲ್ಲಿಸಿದ. ಯಾರಿಗೂ ಏನೂ ಆಗಲಿಲ್ಲ. ಆದರೆ ಒಂದು ಮಾರು ಆಚೆ ಬಾವಿ ಇತ್ತು ಎಂದು ಅವನು ಆಮೇಲೆ ನನಗೆ ಹೇಳಿದ. ಮುದುಕಿಯರೆಲ್ಲ ತಾಳ ಹಾಕಿಕೊಂಡು ಕೈವಾರಕ್ಕೆ ನಡೆದೇ ಹೋದರು.

ಮಾರನೇ ಬೆಳಿಗ್ಗೆ ಕೋನಪ್ಪ ಆ ಟ್ಯೂಬನ್ನು ತಂದು ಏಟ್ನಾ ಅಂಗಡಿಯ ಬಾಗಿಲಿಗೆ ಎಸೆದ. ನಾನು ಶಾಲೆಗೆ ಹೊರಟವನು ಅಲ್ಲೇ ನಿಂತೆ.

"ನೋಡು ಬಾಷಾ, ಪ್ಯಾಚು ಬಾಳೆಹಣ್ಣಿನ ಸಿಪ್ಪೆ ಥರ ಬಂದೈತೆ. ಎಂಬತ್ತು ಜನ ಕಣಯ್ಯ! ನಿನ್ನ ಕೈ ಇರೋ ತನಕ ನಾನು ಬೇರೆ ಅಂಗಡಿ ನೋಡಿದವನಲ್ಲ. ಇನ್ನು ಮೇಲೆ ನಮ್ಮ ಟ್ಯೂಬು ಇಲ್ಲಿಗೆ ಬರಲ್ಲ. ಇದು ಹೆಂಗಸರು ಮಾಡೋ ಕೆಲ್ಸ ಅಲ್ಲ."

ಲಾಲ್ ಬಾಷಾ ತಲೆ ತಗ್ಗಿಸಿ ನಿಂತಿದ್ದ. ಕೋನಪ್ಪ ಹೋದ ಮೇಲೆ ಮೆಲ್ಲಗೆ ಹೇಳಿದ. "ಮುಗೀತು ಸಾರ್. ಶಿಡ್ಲಘಟ್ಟದಲ್ಲಿ ಇವಳ ಅಣ್ಣನ ರೇಷ್ಮೆ ಫಿಲೇಚರಲ್ಲಿ ನೂಲು ತೆಗೆಯೋ ಬೇಸಿನ್ನು ಒಂದು ಖಾಲಿ ಐತಂತೆ. ಸೋಮವಾರದಿಂದ ಇವಳು ಅಲ್ಲಿಗೆ ಹೋಗ್ಲಿ. ಅಂಗಡಿ ಬಾಗಿಲು ಹಾಕ್ತೀನಿ."

ನೂರುನ್ನೀಸಾ ಎರಡೂ ಕೈ ನನ್ನ ಮುಂದೆ ಚಾಚಿದಳು. ನಾನು ಆ ಕೈಗಳನ್ನು ಅಲ್ಲಿಯವರೆಗೆ ಸರಿಯಾಗಿ ನೋಡಿರಲಿಲ್ಲ. ಬೆರಳ ತುದಿಗಳಲ್ಲಿ ಗೆರೆಗಳೇ ಇರಲಿಲ್ಲ. ಚರ್ಮ ನುಣ್ಣಗೆ, ದಪ್ಪಗೆ, ಬೆಳ್ಳಗೆ.

"ಹನ್ನೊಂದು ವರ್ಷಕ್ಕೆ ಬೇಸಿನ್ನು ಮುಂದೆ ಕೂತೋಳು ಸಾರ್ ನಾನು. ಮದ್ವೆ ಆಗೋ ತನಕ. ಕುದಿಯೋ ನೀರಲ್ಲಿ ಗೂಡು ಬೇಯ್ತಿರ್ತವೆ, ಅದರೊಳಗೆ ಬೆರಳು ಹಾಕಿ ಎಳೆ ಹುಡುಕಬೇಕು. ಸಾಯಂಕಾಲ ಕೈಯೆಲ್ಲ ಬಿರಿದು ರಕ್ತ. ಸತ್ತ ಹುಳದ ವಾಸನೆಗೆ ಆ ಕೈಯಲ್ಲಿ ಅನ್ನ ತಿನ್ನೋಕಾಗಲ್ಲ. ನಾನು ಮತ್ತೆ ಆ ನೀರಿಗೆ ಕೈ ಇಡಲ್ಲ ಸಾರ್. ಇಲ್ಲಿ ಸುಟ್ರೂ ಪರವಾಗಿಲ್ಲ, ಒಣಗಿದ ಕೈ."

ನಾನು ಸಮಾಧಾನ ಹೇಳಲು ಹೊರಟೆ. ಆಕೆ ಕೇಳಿಸಿಕೊಳ್ಳದೆ ಆ ಟ್ಯೂಬನ್ನು ಎತ್ತಿ, ಕಿತ್ತುಬಂದ ಪ್ಯಾಚಿನ ಅಂಚಿಗೆ ಹೆಬ್ಬೆರಳಿನ ಉಗುರು ಒತ್ತಿ ನನ್ನ ಕಣ್ಣ ಮುಂದೆ ಹಿಡಿದಳು. ಉಗುರಿನ ಗುರುತು ಹಾಗೇ ನಿಂತಿತ್ತು. ಆಮೇಲೆ ಅದೇ ಟ್ಯೂಬಿಗೆ ಬೇಸಿಗೆಯಲ್ಲಿ ಹಾಕಿದ್ದ ಇನ್ನೊಂದು ಪ್ಯಾಚಿಗೆ ಒತ್ತಿದಳು. ಗುರುತು ಮೂಡಿದ ಹಾಗೇ ಮಾಯವಾಯಿತು.

"ಇದು ಬೆಂದೈತೆ. ಅದು ಬೆಂದಿಲ್ಲ. ಗೂಡೂ ಹಿಂಗೇ ಸಾರ್. ಬೇಯದಿದ್ರೆ ಎಳೆ ಕಿತ್ತೋಗ್ತೈತೆ, ಜಾಸ್ತಿ ಬೆಂದ್ರೆ ಮುದ್ದೆ ಆಗ್ತೈತೆ. ನಮಗೆ ಯಾರೂ ಗಡಿಯಾರ ಇಟ್ಟಿರ್ಲಿಲ್ಲ. ಬೆರಳಿಗೆ ಗೊತ್ತಾಗ್ತಿತ್ತು."

"ಮತ್ತೆ ನೀನ್ಯಾಕೆ ಇಲ್ಲಿ ಬೆರಳಲ್ಲಿ ನೋಡಲಿಲ್ಲ?"

"ನೋಡ್ದೆ ಸಾರ್. ಅದಕ್ಕೇ ಅವತ್ತು ನಿಮ್ಮ ಹತ್ರ ಬಂದಿದ್ದು. ನೀವು ಓದಿದೋರು. ನೀವು ಬರೆದಿರೋದನ್ನ ನಾನು ಹೆಂಗೆ ಮೀರೋದು?"

ಆ ದಿನ ನಾನು ತರಗತಿಗೆ ತಡವಾಗಿ ಹೋದೆ. ಕಪ್ಪುಹಲಗೆಯ ಮೇಲೆ ಏನು ಬರೆದೆನೋ ನೆನಪಿಲ್ಲ. ಎಂಬತ್ತು ಜನರ ಜೀವ ನನ್ನ ಎರಡು ಮುಚ್ಚಳ ಹನ್ನೆರಡು ನಿಮಿಷದ ಮೇಲೆ ಓಡಿತ್ತು. ತಪ್ಪು ಮಾಡಿದವನು ನಾನು. ಬೈಸಿಕೊಂಡವಳು, ಅನ್ನ ಕಳೆದುಕೊಳ್ಳುತ್ತಿದ್ದವಳು ಆಕೆ.

ಸಂಜೆ ನೇರವಾಗಿ ಕೋನಪ್ಪನ ಬಸ್ ಶೆಡ್ಡಿಗೆ ಹೋದೆ. ಇಪ್ಪತ್ತು ವರ್ಷದಿಂದ ಯಾರ ಮುಂದೆಯೂ ಹೇಳದ ಮಾತನ್ನು ಹೇಳಲು ಗಂಟಲು ಸರಿಮಾಡಿಕೊಂಡೆ. "ಕೋನಪ್ಪ, ತಪ್ಪು ನನ್ನದು. ಆಕೆ ಹೊತ್ತು ಸಾಲಲ್ಲ ಅಂದಳು, ನಾನೇ ಗದರಿಸಿ ಬಾಯಿ ಮುಚ್ಚಿಸಿದೆ."

ಕೋನಪ್ಪ ಕೈಮುಗಿದು ಕುರ್ಚಿ ಹಾಕಿದ. ಆಮೇಲೆ ನಕ್ಕ. "ಗೊತ್ತು ಮೇಷ್ಟ್ರೇ. ಆಯಮ್ಮನ್ನ ಉಳಿಸೋಕೆ ತಪ್ಪನ್ನ ನಿಮ್ಮ ತಲೆ ಮೇಲೆ ಹಾಕ್ಕೊಂಡಿದೀರಿ. ದೊಡ್ಡ ಮನಸ್ಸು. ಆದ್ರೆ ನೀವು ತಪ್ಪು ಮಾಡೋದು ಅಂದ್ರೆ ಯಾರು ನಂಬ್ತಾರೆ?"

ಒಳ್ಳೆಯ ಹೆಸರು ಇಷ್ಟು ತೊಂದರೆ ಕೊಡುತ್ತದೆಂದು ನನಗೆ ಆವತ್ತಿನ ತನಕ ತಿಳಿದಿರಲಿಲ್ಲ. ಎಷ್ಟು ಹೇಳಿದರೂ ಅವನು ನಂಬಲಿಲ್ಲ. ಹೇಳಿದಷ್ಟೂ ನನ್ನನ್ನು ಇನ್ನೂ ಹೊಗಳಿದ. ಕೊನೆಗೆ ನನ್ನ ಸಿಟ್ಟು ನೆತ್ತಿಗೇರಿತು. "ನನ್ನ ಮಾತು ಬಿಡು. ನೀನು ಕ್ಲೀನರಾಗಿದ್ದವನು, ಟ್ಯೂಬು ಬಲ್ಲವನು. ನಾಳೆ ಬಂದು ನಿನ್ನ ಕಣ್ಣೆದುರಿಗೆ ಆಕೆ ಬೇಯಿಸೋದನ್ನ ನೋಡು. ಆಮೇಲೆ ನಿನ್ನ ಇಷ್ಟ."

"ಸರೆ ಮೇಷ್ಟ್ರೇ, ಬರ್ತೀನಿ. ಆದ್ರೆ ಪ್ಯಾಚು ಕಿತ್ತು ನೋಡ್ತೀನಿ. ಕಿತ್ತು ಬಂದ್ರೆ ಮತ್ತೆ ಯಾರೂ ನನ್ನ ಹತ್ರ ಈ ಮಾತು ತರಬಾರ್ದು."

ಮರುದಿನ ಭಾನುವಾರ. ಗಾಳಿ ಹಿಂದಿನ ದಿನಕ್ಕಿಂತ ಜೋರಾಗಿತ್ತು. ಬೋರ್ಡು ತಂತಿಯಲ್ಲಿ ನೇತಾಡುತ್ತಾ ಗೋಡೆಗೆ ಬಡಿಯುತ್ತಿತ್ತು. ಕೋನಪ್ಪ ಒಂದು ಟ್ಯೂಬನ್ನೂ ಇಕ್ಕಳವನ್ನೂ ಹಿಡಿದುಕೊಂಡು ಬಂದ. ಹಿಂದೆ ವೆಂಕಟರಾಮಪ್ಪ. ಲಾಲ್ ಬಾಷಾ ಮೂಲೆಯ ಸ್ಟೂಲಿನ ಮೇಲೆ, ಮಡಚದ ಕೈಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದ. ಸೋಮವಾರದ ಬೆಳಗಿನ ಶಿಡ್ಲಘಟ್ಟದ ಬಸ್ಸಿಗೆ ನೂರುನ್ನೀಸಾಳ ಬಟ್ಟೆಯ ಗಂಟು ಆಗಲೇ ಸಿದ್ಧವಾಗಿ ಅವನ ಪಕ್ಕದಲ್ಲಿತ್ತು.

ಆಕೆ ಕೆಲಸ ಶುರುಮಾಡಲಿಲ್ಲ. ನನ್ನ ಕಡೆ ತಿರುಗಿ ಸಣ್ಣ ದನಿಯಲ್ಲಿ ಕೇಳಿದಳು. "ಸಾರ್, ಗೋಡೆ ಮೇಲಿಂದು ಅಳಿಸ್ಲಾ?"

ನಾನೇ ಎದ್ದೆ. ಅಂಗೈಯಿಂದ ಗೋಡೆ ಒರೆಸಿದೆ. ಇಪ್ಪತ್ತಮೂರು ವರ್ಷ ದಿನಕ್ಕೆ ಹತ್ತು ಸಲ ಹಲಗೆ ಒರೆಸಿದ ಕೈ. ಆವತ್ತು ಅಳಿಸಿದಷ್ಟು ಮನಸ್ಸಿಟ್ಟು ಎಂದೂ ಅಳಿಸಿರಲಿಲ್ಲ. ಗಡಿಯಾರವನ್ನೂ ಎತ್ತಿ ಕಂಕುಳಲ್ಲಿ ಇಟ್ಟುಕೊಂಡೆ. ಕೋನಪ್ಪ ಗೋಡೆಯ ಮೇಲೆ ಉಳಿದ ಬಿಳಿಯ ಕಲೆಯನ್ನೂ ನನ್ನ ಕೈಯನ್ನೂ ನೋಡಿದ. ಅವನ ಮುಖದ ನಗು ಸ್ವಲ್ಪ ಇಳಿಯಿತು.

ನೂರುನ್ನೀಸಾ ತೂತಿನ ಸುತ್ತ ಅರ ಹಾಕಿದಳು. ಸಲ್ಯೂಷನ್ ಬಳಿದು, ಅದು ಆರಿತೇ ಎಂದು ಬೆರಳ ಹಿಂಭಾಗದಿಂದ ಮುಟ್ಟಿದಳು. ರಬ್ಬರಿಟ್ಟು, ಪಿಸ್ಟನ್ ಕೂರಿಸಿ, ಕ್ಲಾಂಪಿನ ಹಿಡಿಗೆ ಇಡೀ ಮೈಭಾರ ಹಾಕಿ ಬಿಗಿದಳು. ಎರಡು ಮುಚ್ಚಳ ಪೆಟ್ರೋಲು. ಕಡ್ಡಿ ಗೀರಿದಳು. ಗಾಳಿಗೆ ಜ್ವಾಲೆ ಮಲಗಿ ಮಲಗಿ ಏಳುತ್ತಿತ್ತು. ಅದು ಆರುವ ಹೊತ್ತಿಗೆ ಕ್ಲಾಂಪಿನ ಕೆಳಗಿನಿಂದ ಎಳ್ಳುಕಾಳಿನಷ್ಟು ಹೊರಗೆ ಉಕ್ಕಿದ ರಬ್ಬರಿನ ಅಂಚಿಗೆ ಆಕೆ ಹೆಬ್ಬೆರಳಿನ ಉಗುರು ಒತ್ತಿದಳು.

"ಅಯ್ಯೋ, ಸುಡುತ್ತೆ ಕಣಮ್ಮ!" ಕೋನಪ್ಪ ಕೂಗಿದ. ಅವನಿಗೆ ಗೊತ್ತಿತ್ತು, ಆ ಕಬ್ಬಿಣಕ್ಕೆ ಕೈ ತಾಗಿದರೆ ಬೊಬ್ಬೆ ಬರುತ್ತದೆಂದು.

"ಇನ್ನೂ ಇಲ್ಲ," ಎಂದಳು ಆಕೆ. ಸುಡುವುದರ ಬಗ್ಗೆ ಹೇಳಿದ್ದಲ್ಲ, ಬೇಯುವುದರ ಬಗ್ಗೆ. ಮತ್ತೆ ಅರ್ಧ ಮುಚ್ಚಳ ಸುರಿಯುವ ಮುನ್ನ ಪಿಸ್ಟನ್ನಿನೊಳಗೆ ಕಿಡಿ ಉಳಿದಿಲ್ಲವೆಂದು ಬಗ್ಗಿ ನೋಡಿದಳು. ಉದ್ದನೆಯ ಕಡ್ಡಿಯಿಂದ ದೂರ ನಿಂತು ಹೊತ್ತಿಸಿದಳು. ಮತ್ತೆ ಉಗುರು ಒತ್ತಿದಳು. ಮತ್ತೆ ಕಾದಳು. ಮೂರನೆಯ ಸಲ ಒತ್ತಿದವಳೇ ಒದ್ದೆ ಬಟ್ಟೆ ತೆಗೆದುಕೊಂಡು ಪಿಸ್ಟನ್ನನ್ನು ತಣಿಸಿದಳು.

ನನ್ನ ಕಂಕುಳಲ್ಲಿದ್ದ ಗಡಿಯಾರವನ್ನು ನಾನು ಕದ್ದು ನೋಡಿದ್ದೆ. ಹದಿನೇಳು ನಿಮಿಷ. ಬಾಯಿ ಬಿಡಲಿಲ್ಲ.

ಕೋನಪ್ಪ ಟ್ಯೂಬನ್ನು ನೆಲದ ಮೇಲೆ ಹರಡಿ, ಒಂದು ಕಡೆ ಕಾಲಿನಿಂದ ಮೆಟ್ಟಿ ಹಿಡಿದು, ಪ್ಯಾಚಿನ ಅಂಚನ್ನು ಇಕ್ಕಳದಲ್ಲಿ ಕಚ್ಚಿಸಿ ಎಳೆದ. ಬರಲಿಲ್ಲ. ಇನ್ನೊಂದು ಅಂಚು ಕಚ್ಚಿಸಿದ. ಬರಲಿಲ್ಲ. ವೆಂಕಟರಾಮಪ್ಪನನ್ನು ಟ್ಯೂಬಿನ ಮೇಲೆ ನಿಲ್ಲಿಸಿ, ಎರಡೂ ಕೈಯಲ್ಲಿ ಇಕ್ಕಳ ಹಿಡಿದು ಹಿಂದಕ್ಕೆ ವಾಲಿದ. ಸರ್ರೆಂದು ಹರಿದ ಸದ್ದು. ಕೋನಪ್ಪ ಹಿಂದಕ್ಕೆ ಮುಗ್ಗರಿಸಿ ನನ್ನ ಮೇಲೆ ಬಿದ್ದ. ಲಾಲ್ ಬಾಷಾ ಕಣ್ಣು ಮುಚ್ಚಿಕೊಂಡ.

ಹರಿದದ್ದು ಟ್ಯೂಬು. ಪ್ಯಾಚಿನ ಪಕ್ಕದಲ್ಲಿ ಗೇಣುದ್ದ ಸೀಳಿತ್ತು. ಪ್ಯಾಚು ತನ್ನ ಜಾಗದಲ್ಲಿ ಹಾಗೇ ಕೂತಿತ್ತು.

ಕೋನಪ್ಪ ಕೂತು ಆ ಪ್ಯಾಚಿನ ಮೇಲೆ ಬೆರಳಾಡಿಸಿದ. ಬಹಳ ಹೊತ್ತು ಆಡಿಸಿದ. ಆಮೇಲೆ ನೂರುನ್ನೀಸಾಳ ಕಡೆ ನೋಡಿ, "ನನ್ನ ಟ್ಯೂಬು ಹಾಳಾಯ್ತಲ್ಲಮ್ಮ," ಎಂದ.

"ನೀವೇ ಹರಿದ್ರಿ ಸಾವ್ಕಾರ್ರೇ," ಎಂದಳು ಆಕೆ.

ವೆಂಕಟರಾಮಪ್ಪ ಮೊದಲು ನಕ್ಕ, ಆಮೇಲೆ ಕೋನಪ್ಪ. ಲಾಲ್ ಬಾಷಾ ಅಳುತ್ತಿದ್ದ. ಕೋನಪ್ಪ ಹೋಗುವಾಗ ಬಾಗಿಲಲ್ಲಿ ನಿಂತು ನನ್ನ ಕಿವಿಯ ಹತ್ತಿರ ಬಾಗಿ, "ಹಂಗಾದ್ರೆ ತಪ್ಪು ನಿಜವಾಗ್ಲೂ ನಿಮ್ದೇನಾ ಮೇಷ್ಟ್ರೇ?" ಎಂದು ಕೇಳಿದ. ಹೌದು ಎಂದೆ. "ಏಮಿ ಕಾಲಂ ವಚ್ಚೆರಾ ದೇವುಡಾ," ಎಂಥ ಕಾಲ ಬಂತಪ್ಪ ದೇವರೇ, ಎಂದು ತೆಲುಗಿನಲ್ಲಿ ಗೊಣಗಿಕೊಂಡು ಹೋದ. ಸೋಮವಾರ ಶಿಡ್ಲಘಟ್ಟದ ಬಸ್ಸಿನಲ್ಲಿ ನೂರುನ್ನೀಸಾ ಹೋಗಲಿಲ್ಲ. ಅದೇ ಬಸ್ಸು ಎರಡು ಟ್ಯೂಬು ಇಳಿಸಿ ಹೋಯಿತು.

ನಾನು ಜೀವನದಲ್ಲಿ ದೊಡ್ಡ ದೊಡ್ಡ ವಿದ್ವಾಂಸರ ಭಾಷಣ ಕೇಳಿದ್ದೇನೆ. ಆದರೆ ಬೆಂಕಿಯ ಪಕ್ಕ ಕೂತು, ಗಾಳಿ, ಕಬ್ಬಿಣ, ರಬ್ಬರು ಮೂರನ್ನೂ ಒಂದು ಉಗುರಿನಿಂದ ಓದುತ್ತಿದ್ದ ಆ ಹೆಂಗಸಿನಷ್ಟು ಯಾರ ಮೇಲೂ ನನಗೆ ಗೌರವ ಹುಟ್ಟಿಲ್ಲ. ಮಳೆಗಾಲಕ್ಕೆ ಒಂದು ಹೊತ್ತು, ಸಂಕ್ರಾಂತಿ ಚಳಿಗೆ ಒಂದು ಹೊತ್ತು, ದಪ್ಪ ಟ್ಯೂಬಿಗೆ ಒಂದು, ಸವೆದದ್ದಕ್ಕೆ ಒಂದು. ಕೇಳಿದರೆ ಆಕೆಯೂ ಗಂಡನ ಹಾಗೆಯೇ, "ಅಂದಾಜು ಸಾರ್," ಎನ್ನುತ್ತಿದ್ದಳು. ಆ ಮಾತಿನ ಅರ್ಥ ನನಗೆ ಆಗ ತಿಳಿದಿತ್ತು. ಬರೆದುಕೊಳ್ಳಲು ಹೋಗಲಿಲ್ಲ.

ತೊಂಬತ್ತಾರರಲ್ಲಿ ನಾನು ನಿವೃತ್ತನಾದೆ. ಅಷ್ಟು ಹೊತ್ತಿಗೆ ಬೇರೆ ಅಂಗಡಿಗಳಿಗೆ ಕರೆಂಟಿನ ಯಂತ್ರ ಬಂದಿತ್ತು. ಕರೆಂಟು ಹೋದಾಗ ಅವರ ಗಿರಾಕಿಗಳೂ ಏಟ್ನಾಗೆ ಬರುತ್ತಿದ್ದರು, ನಮ್ಮ ಊರಿನಲ್ಲಿ ಕರೆಂಟು ಹೋಗದ ದಿನ ಯಾವುದು? ಬೋರ್ಡು ಮಾತ್ರ ತುಕ್ಕು ಹಿಡಿದು ನಂದಿಬೆಟ್ಟದ ಅರ್ಧ ಉದುರಿತ್ತು. ಲಾಲ್ ಬಾಷಾ ಹೊಸದು ಬರೆಸಲು ನಿರ್ಧರಿಸಿದ. ಪ್ರೊಪ್ರೈಟರ್ ಲಾಲ್ ಬಾಷಾ ಎಂದಿದ್ದಲ್ಲಿ ಹೆಂಡತಿಯ ಹೆಸರು ಹಾಕಿಸಬೇಕೆಂಬುದು ಅವನದೇ ಆಸೆ.

ಆ ದಿನಗಳಲ್ಲಿ ಹೊತ್ತು ಹೋಗದೆ ನಾನು ಲೈಬ್ರರಿಯಲ್ಲಿ ಕೂರುತ್ತಿದ್ದೆ. ಹೊಸ ಬೋರ್ಡಿಗಾದರೂ ನಿಜವಾದ ಜ್ವಾಲಾಮುಖಿಯ ಚಿತ್ರ ಕೊಡೋಣವೆಂದು ದಪ್ಪನೆಯ ಇಂಗ್ಲಿಷ್ ವಿಶ್ವಕೋಶ ತೆಗೆದು ಏಟ್ನಾ ಹುಡುಕಿದೆ. ಆ ಹೆಸರನ್ನು ಯಾರು ಯಾರು ಇಟ್ಟುಕೊಂಡಿದ್ದಾರೆಂದು ಅಲ್ಲಿತ್ತು. ಬ್ರಿಟಿಷರ ಯುದ್ಧನೌಕೆಗಳಿಗೆ ಇಟ್ಟಿದ್ದರಂತೆ. ಅಮೆರಿಕದ ಒಂದು ದೊಡ್ಡ ವಿಮಾ ಕಂಪನಿಯೂ ಇಟ್ಟುಕೊಂಡಿದೆಯಂತೆ. ಚಿಂತಾಮಣಿಯ ಪಂಕ್ಚರ್ ಅಂಗಡಿ ಆ ಪಟ್ಟಿಯಲ್ಲಿ ಇರಲಿಲ್ಲ. ಇರಬೇಕಿತ್ತು.

ಅದರ ಕೆಳಗೆ ಇನ್ನೂ ನಾಲ್ಕು ಸಾಲು ಇದ್ದವು. ಅವನ್ನು ಎರಡು ಸಲ ಓದಿದೆ. ಪುಸ್ತಕ ಮುಚ್ಚಿ, ಚಪ್ಪಲಿ ಮೆಟ್ಟಿಕೊಂಡು ಬೆಂಗಳೂರು ರಸ್ತೆಗೆ ಬಂದೆ.

ಅಂಗಡಿಯ ಮುಂದೆ ವೆಂಕಟರಾಮಪ್ಪನ ಬಸ್ಸು ನಿಂತಿತ್ತು. ತಲೆ ನರೆತಿದ್ದರೂ ಅವನ ಬಾಯಿ ನರೆತಿರಲಿಲ್ಲ. "ಏಟ್ನಮ್ಮ, ಎಷ್ಟೊತ್ತು ಕಣಮ್ಮ?" ಎಂದು ಕೂಗುತ್ತಿದ್ದ. ನನ್ನನ್ನು ಕಂಡು, ಬೈಸಿಕೊಳ್ಳಲು ಸಿದ್ಧನಾಗಿ ಹಲ್ಲು ಕಿರಿದ.

"ವೆಂಕಟರಾಮಪ್ಪ, ನೀನು ಹೇಳಿದ್ದೇ ಸರಿ ಕಣಯ್ಯ," ಎಂದೆ. "ಏಟ್ನಾ ಹೆಂಗಸಿನ ಹೆಸರೇ. ಆ ಬೆಟ್ಟಕ್ಕೆ ಒಬ್ಬ ಹೆಣ್ಣಿನ ಹೆಸರಿಟ್ಟಿದ್ದಾರೆ. ಭೂಮಿಗೂ ಆಕಾಶಕ್ಕೂ ಹುಟ್ಟಿದ ಮಗಳಂತೆ ಅವಳು. ಆ ದ್ವೀಪಕ್ಕಾಗಿ ಬೆಂಕಿ ದೇವರಿಗೂ ಬೆಳೆ ದೇವತೆಗೂ ಜಗಳ ಬಂದಾಗ ನ್ಯಾಯ ಹೇಳಿದವಳು ಅವಳೇ. ವಲ್ಕನ್ ಅವಳ ಬೆಟ್ಟದಲ್ಲಿ ಕೂತು ಕೆಲಸ ಮಾಡೋನು ಅಷ್ಟೆ. ಹೆಸರಿಟ್ಟವನು ನಾನು. ಯಾರ ಹೆಸರು ಅಂತ ನನಗೇ ಗೊತ್ತಿರಲಿಲ್ಲ."

ಲಾಲ್ ಬಾಷಾ ಸ್ಟೂಲಿನಿಂದ ಕುಂಟುತ್ತಾ ಎದ್ದು ಬಂದ. "ಹಂಗಾದ್ರೆ ಪ್ರೊಪ್ರೈಟರ್ ಹೆಸರು ಬೇರೆ ಯಾಕೆ ಸಾರ್? ಮೇಲೇ ಬರೆದೈತಲ್ಲ!"

"ಬೇಕು," ಎಂದಳು ನೂರುನ್ನೀಸಾ ಒಳಗಿನಿಂದ. ಆಕೆ ಕ್ಲಾಂಪಿನ ಮೇಲೆ ಬಾಗಿದ್ದಳು, ಹೆಬ್ಬೆರಳು ರಬ್ಬರಿನ ಅಂಚಿನ ಮೇಲಿತ್ತು. "ಆಯಮ್ಮನ ಹೆಸರು ಮೇಲಿರ್ಲಿ. ಕೆಳಗೆ ನನ್ನ ಹೆಸರು ಬರಲಿ. ಸಾರ್, ಪೇಂಟರಿಗೆ ಒಂದು ಚೀಟೀಲಿ ಬರೆದುಕೊಡಿ."

ಜೇಬಿನಿಂದ ಪೆನ್ನು ತೆಗೆದು, ಒಂದು ಕಾಗದದ ಮೇಲೆ ದಪ್ಪ ಅಕ್ಷರಗಳಲ್ಲಿ ಬರೆದೆ: ಏಟ್ನಾ ವಲ್ಕನೈಸಿಂಗ್ ವರ್ಕ್ಸ್. ಪ್ರೊ: ನೂರುನ್ನೀಸಾ. ಆಕೆ ಪಿಸ್ಟನ್ನಿಗೆ ಒದ್ದೆ ಬಟ್ಟೆ ಸುತ್ತಿ, ಕೈ ಒರೆಸಿಕೊಂಡು ಬಂದು ಚೀಟಿ ತೆಗೆದುಕೊಂಡಳು. ಕನ್ನಡ ಅಕ್ಷರಗಳನ್ನು ಮೇಲಿಂದ ಕೆಳಗೆ ನೋಡಿದಳು. ಆಮೇಲೆ ಅದನ್ನು ವೆಂಕಟರಾಮಪ್ಪನ ಕೈಗೆ ಕೊಟ್ಟು, ನನ್ನ ಎದುರಿಗೇ ಹೇಳಿದಳು.

"ಅಣ್ಣ, ಸರಿಯಾಗಿ ಬರೆದವ್ರಾ ಒಂದ್ಸಲ ನೋಡಿ."

ವೆಂಕಟರಾಮಪ್ಪ ಒಂದೊಂದೇ ಅಕ್ಷರ ಕೂಡಿಸಿ ಓದತೊಡಗಿದ. ಅವನು ಮುಗಿಸುವ ತನಕ ನಾನು ಪರೀಕ್ಷೆಗೆ ಕೂತ ಹುಡುಗನ ಹಾಗೆ ನಿಂತಿದ್ದೆ. ನನ್ನ ಮೂವತ್ತೊಂದು ವರ್ಷದ ಕೆಲಸದಲ್ಲಿ ಯಾವ ಮಾತೂ ನನಗೆ ಆಕೆಯ ಆ ಮಾತಿನಷ್ಟು ಸಂತೋಷ ಕೊಟ್ಟಿರಲಿಲ್ಲ.